ಕಾರಿನಲ್ಲಿ ಕೂತ ದೇವರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮನೆ ಮಾರಿ ನೋಡು ಎಂದು ಮಾತ್ರ ಹೇಳಲಿಲ್ಲ. ಬಹುಶಃ ಅವರ ಕಾಲದಲ್ಲಿ ಮನೆ ಮಾರುವವರು ಸದ್ದು ಮಾಡದೆ ಮಾರಿ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಲಂಡನ್ನಿನಲ್ಲಿ ಹಾಗಲ್ಲ. ಇಲ್ಲಿ ಮೊದಲು ಮನೆಯ ಫೋಟೊ ಇಂಟರ್ನೆಟ್ಟಿಗೆ ಹೋಗುತ್ತದೆ. ನಿಮ್ಮ ಅಡುಗೆಮನೆ, ನಿಮ್ಮ ಬಚ್ಚಲು, ನೀವು ಮಲಗುವ ಮಂಚ, ಎಲ್ಲವನ್ನೂ ಯಾರು ಬೇಕಾದರೂ ಚಹಾ ಕುಡಿಯುತ್ತ ಕೂತು ನೋಡಬಹುದು. ನಮ್ಮ ಮನೆ ಹಾಗೆ ಇಂಟರ್ನೆಟ್ಟಿಗೆ ಹೋದ ದಿನ ನಾನು ಹೊರಗೆ ಹೋಗುವಾಗ ಕೋಟಿನ ಟೊಪ್ಪಿಗೆಯನ್ನು ಹಣೆಯವರೆಗೂ ಎಳೆದುಕೊಂಡಿದ್ದೆ. ಮಳೆ ಇರಲಿಲ್ಲ.

ಆ ಮನೆ ಲಂಡನ್ನಿನ ಅಂಚಿನಲ್ಲಿತ್ತು. ಒಂದು ಕಾಲಕ್ಕೆ ತನ್ನದೇ ಸಂತೆ, ತನ್ನದೇ ಚರ್ಚು, ತನ್ನದೇ ಗತ್ತು ಇದ್ದ ಸಣ್ಣ ಊರು ಅದು. ಲಂಡನ್ ಬೆಳೆಯುತ್ತ ಬೆಳೆಯುತ್ತ ಅದನ್ನು ನುಂಗಿಬಿಟ್ಟಿದೆ. ಆದರೂ ಅಲ್ಲಿಯ ಮುದುಕರು ಟ್ಯೂಬ್ ರೈಲು ಹತ್ತುವಾಗ ಲಂಡನ್ನಿಗೆ ಹೋಗಿ ಬರುತ್ತೇವೆ ಎಂದೇ ಹೇಳುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದ ಕೆಂಪು ಇಟ್ಟಿಗೆಯ ಮನೆ. ಮುಂಬಾಗಿಲ ಮೇಲೂ ಮುಂದಿನ ಕೋಣೆಯ ಕಿಟಕಿಯಲ್ಲೂ ಬಣ್ಣದ ಗಾಜು, ಆ ಕೋಣೆಯ ಚಾವಣಿಯ ನಡುವೆ ಗಾರೆಯಲ್ಲಿ ಬಿಡಿಸಿದ ದೊಡ್ಡ ಹೂವು, ಅದರ ಕೆಳಗೆ ಕರಿಯ ಕಲ್ಲಿನ ಅಗ್ಗಿಷ್ಟಿಕೆ. ಆ ಹೂವಿನ ಪಕ್ಕದಲ್ಲೇ ಸೋರಿದ ನೀರಿನ ಕಂದು ಕಲೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತನ್ನು ಯಾರಾದರೂ ಮನೆ ಕಟ್ಟಿ ತೋರಿಸಿದ್ದರೆ ಅದು ನಮ್ಮ ಮನೆಯೇ.

ಕೊಂಡಾಗಲೇ ಹಾಳುಬಿದ್ದಿತ್ತು. ಹಾಳುಬಿದ್ದದ್ದಕ್ಕೇ ನಮ್ಮ ಕೈಗೆ ಎಟುಕಿತ್ತು. ನನ್ನ ಗಂಡ ಚಿಕ್ಕಂದಿನಿಂದ ಇಲ್ಲಿಯೇ ಬೆಳೆದವರು. ಮನೆಯನ್ನು ಸ್ವಂತ ಕೈಯಿಂದ ರಿಪೇರಿ ಮಾಡುವ ಈ ದೇಶದ ಗಂಡಸರ ಹುಚ್ಚು ಅವರಿಗೂ ಹಿಡಿದಿತ್ತು. ಶನಿವಾರ ಬಂತೆಂದರೆ ಹಳೆಯ ಪ್ಯಾಂಟು ತೊಟ್ಟು, ಕಿವಿಗೆ ಪೆನ್ಸಿಲ್ ಸಿಗಿಸಿಕೊಂಡು, ಗೋಡೆಯನ್ನು ಗೆಣ್ಣಿನಿಂದ ಬಡಿದು ಬಡಿದು ಕಿವಿಗೊಟ್ಟು ನಿಲ್ಲುತ್ತಿದ್ದರು. "ಒಂದೊಂದ ರೂಮ್ ಮಾಡ್ಕೋತ ಹೋಗೂಣು, ಅವಸರ ಏನದ?" ಎನ್ನುತ್ತಿದ್ದರು. ಅವಸರ ಇರಲಿಲ್ಲ, ನಿಜ. ಆದರೆ ಅವರು ಆರಂಭಶೂರರು. ಊಟದ ಕೋಣೆಯ ಹಳೆಯ ವಾಲ್‌ಪೇಪರ್ ಕಿತ್ತರು, ಗೋಡೆ ಬತ್ತಲೆಯಾಗಿ ನಿಂತಿತು. ಮೇಲಿನ ಕೋಣೆಯ ನೆಲದ ಹಲಗೆ ಎಬ್ಬಿಸಿದರು, ಅದರ ಮೇಲೆ ಚಾಪೆ ಹಾಸಿ ವರ್ಷಗಳೇ ಕಳೆದವು. ಕಿಟಕಿಗಳನ್ನು ಬದಲಿಸೋಣವೆಂದರೆ ಹಳೆಯ ಮನೆಗಳ ಬೀದಿ, ಚೌಕಟ್ಟು ಮುಟ್ಟಬೇಕಾದರೂ ಇಲ್ಲಿಯ ಪುರಸಭೆಯಂಥ ಕೌನ್ಸಿಲಿನ ಅಪ್ಪಣೆ ಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ನೆಲ ನಿಜಕ್ಕೂ ಡೊಂಕೇ ಇತ್ತು. ಮುಂದಿನ ಕೋಣೆಯಲ್ಲಿ ಕೈಜಾರಿದ ನಿಂಬೆಹಣ್ಣು ತಾನಾಗಿಯೇ ಉರುಳಿಕೊಂಡು ಅಡುಗೆಮನೆಗೆ ಹೋಗುತ್ತಿತ್ತು.

ಹೀಗಾಗಿ ಯಾರನ್ನೂ ಮನೆಗೆ ಕರೆಯುತ್ತಿರಲಿಲ್ಲ. ಲಂಡನ್ನಿನ ಕನ್ನಡದವರು ಯುಗಾದಿಗೆ, ರಾಜ್ಯೋತ್ಸವಕ್ಕೆ ಯಾವುದಾದರೂ ಶಾಲೆಯ ಹಾಲ್ ಹಿಡಿದು ಸೇರುತ್ತೇವೆ. ಅಲ್ಲಿ ಎಲ್ಲರ ಮನೆಯ ಊಟ ಉಂಡವಳು ನಾನು. "ನಿಮ್ಮ ಮನೆಗೆ ಯಾವಾಗ?" ಎಂದು ಕೇಳಿದರೆ, "ಕೆಲಸ ನಡೆದಿದೆ, ಮುಗಿಯಲಿ" ಎನ್ನುತ್ತಿದ್ದೆ. ನಮ್ಮ ಜನ ಕಡಿಮೆ, ಬಾಯಿ ಜಾಸ್ತಿ. ಒಬ್ಬರು ಒಳಗೆ ಬಂದು ಹೋದರೆ ಸಾಕು, ಲಂಡನ್ನಿನ ಈ ತುದಿಯ ಕೆಂಟನ್ನಿನಿಂದ ಆ ತುದಿಯ ಸ್ಟ್ರಾಟ್‌ಫರ್ಡ್‌ವರೆಗೆ ನಮ್ಮ ಗೋಡೆಯ ಬೂಷ್ಟಿನ ಸುದ್ದಿ ಹೋಗುತ್ತದೆ ಎಂದು ನನಗೆ ಭಯ.

ಮಾರಲೇಬೇಕಾಗಿ ಬಂದದ್ದು ಅತ್ತೆಯವರಿಗಾಗಿ. ಮಾವ ಇಲ್ಲಿಯ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ ಅವರ ಜೊತೆ ಬಂದವರು ಅತ್ತೆ. ನಾನು ಧಾರವಾಡದಲ್ಲಿ ಲಂಗ ಹಾಕಿಕೊಂಡು ಶಾಲೆಗೆ ಹೋಗುವಾಗಲೇ ಅವರು ಲಂಡನ್ನಿನ ಚಳಿ ಕಂಡಿದ್ದರು. ಅಷ್ಟಾದರೂ ಅವರ ಮಾತು ಧಾರವಾಡದ ಓಣಿ ಬಿಟ್ಟು ಕದಲಲಿಲ್ಲ. ಇಳಕಲ್ ಸೀರೆಯ ಮೇಲೆ ಉದ್ದನೆಯ ಕೋಟು, ಕಾಲಿಗೆ ಉಣ್ಣೆಯ ಸಾಕ್ಸು. ಬಸ್ಸಿನ ಡ್ರೈವರಿಗೂ "ಛಲೋ ಆತಪಾ, ಬರ್ತೇನಿ" ಎಂದು ಹೇಳಿಯೇ ಇಳಿಯುವವರು. ಮದುವೆಯಾಗಿ ಆಮೇಲೆ ಬಂದ ನನಗೇ ಇಲ್ಲಿಯವಳಾಗುವ ಅವಸರ ಹೆಚ್ಚು.

ಮಾವ ತೀರಿಕೊಂಡ ಮೇಲೆ ಅವರು ನಮ್ಮಲ್ಲಿಗೆ ಬಂದರು. ಕೆಲವು ವರ್ಷಕ್ಕೆ ಸೊಂಟ ಕೈಕೊಟ್ಟಿತು. ನಮ್ಮ ಮನೆಯಲ್ಲಿ ಬಚ್ಚಲು, ಟಾಯ್ಲೆಟ್ ಎಲ್ಲ ಮೇಲೆ. ಕೆಳಗೊಂದು ಟಾಯ್ಲೆಟ್ ಮಾಡಿಸುವುದು ಗಂಡನ ಯೋಜನೆಯಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ತಂದ ಸಾಮಾನು ಹಿತ್ತಲಿನ ಶೆಡ್ಡಿನಲ್ಲಿ ಪೆಟ್ಟಿಗೆ ಕೂಡ ಬಿಚ್ಚದೆ ಕೂತಿತ್ತು. ಕೊನೆಗೆ ಅತ್ತೆಯ ಮಂಚ ಮುಂದಿನ ಕೋಣೆಗೆ ಇಳಿಯಿತು. ಅಗ್ಗಿಷ್ಟಿಕೆಯ ಒಂದು ಪಕ್ಕಕ್ಕೆ ಕೌನ್ಸಿಲಿನವರು ಕೊಟ್ಟ, ಕೆಳಗೆ ಡಬ್ಬಿಯಿರುವ ಕಮೋಡ್ ಕುರ್ಚಿ ಬಂತು. ಇನ್ನೊಂದು ಪಕ್ಕದ ಗೂಡಿನಲ್ಲಿ ಅವರ ದೇವರು ಇದ್ದವು. ದೇವರನ್ನು ಅಡುಗೆಮನೆಗೆ ಒಯ್ಯುತ್ತೇನೆ ಎಂದರೆ, ಹಾಸಿಗೆಯಿಂದ ಕಾಣುವಷ್ಟಾದರೂ ಇರಲಿ ಎಂದರು. ಗೂಡಿಗೆ ಒಂದು ಪರದೆ ಕಟ್ಟಿಸಿಕೊಂಡರು. ಕುರ್ಚಿಗೆ ಹೋಗಬೇಕಾದಾಗ ಮೊದಲು ಕೋಲು ಊರಿಕೊಂಡು ಹೋಗಿ ಆ ಪರದೆ ಎಳೆಯುತ್ತಿದ್ದರು. ನನಗೆ, "ರೇಡಿಯೋ ಜೋರ ಮಾಡವಾ" ಎನ್ನುತ್ತಿದ್ದರು. ಒಂದು ದಿನ ಪರದೆ ಎಳೆಯುವಷ್ಟರಲ್ಲಿ ತಡವಾಗಿಹೋಯಿತು. ನಾನು ನೆಲ ಒರೆಸುವಾಗ ಅವರು ಗೋಡೆಯ ಕಡೆ ಮುಖ ಮಾಡಿ ಕೂತು, "ದೇವರ ಮುಂದ ಈ ಅವಸ್ಥಾ ಬ್ಯಾಡಾಗಿತ್ತು" ಎಂದರು. ಆ ವಾರವೇ ಮಾರುವುದೆಂದು ನಿಶ್ಚಯಿಸಿದೆವು. ಕೆಂಟನ್ನಿನಲ್ಲಿ ನೆಲಮಟ್ಟದ ಒಂದು ಫ್ಲ್ಯಾಟು ಕಂಡಿತ್ತು. ಮೆಟ್ಟಿಲಿಲ್ಲ, ಮಲಗುವ ಕೋಣೆಯ ಪಕ್ಕದಲ್ಲೇ ಬಚ್ಚಲು, ದೇವರಿಗೆ ಬೇರೆಯೇ ಒಂದು ಮೂಲೆ. ಅದರ ಮಾಲೀಕರು ನಮಗಾಗಿ ಬಹಳ ದಿನ ಕಾಯಲಾರೆವು ಎಂದಿದ್ದರು. ನಮ್ಮದು ಮಾರಿದರೆ ಅದು, ಇಲ್ಲದಿದ್ದರೆ ಅತ್ತೆಗೆ ಆ ಪರದೆಯೇ ಗತಿ.

ಎಸ್ಟೇಟ್ ಏಜೆಂಟ್ ಒಬ್ಬ ಬಂದ. ಚೂಪು ಬೂಟಿನ, ನಗುಮುಖದ ಹುಡುಗ. ಕೋಣೆಕೋಣೆಗೂ ಹೋಗಿ "ಲವ್ಲಿ, ಲವ್ಲಿ" ಎಂದ. ಆಮೇಲೆ ಅವನು ಬರೆದ ಜಾಹೀರಾತು ನೋಡಿದೆ. ಮೂಲ ಚೆಲುವನ್ನು ಉಳಿಸಿಕೊಂಡ ಐತಿಹಾಸಿಕ ಮನೆ, ದುರಸ್ತಿಯ ಅಗತ್ಯವಿದೆ, ಕಲ್ಪನೆಯುಳ್ಳವರಿಗೆ ಅಪಾರ ಅವಕಾಶ. ನಮ್ಮ ಕಡೆ ಸಂಬಂಧ ಹೇಳುವವರು ಕೂಡ ಹುಡುಗನ ಹುಳುಕನ್ನು ಇಷ್ಟು ನಾಜೂಕಾಗಿ ಮುಚ್ಚಲಾರರು. ಇಷ್ಟು ವರ್ಷ ನಾನು ಒಗ್ಗರಣೆ ಹಾಕಿ, ಬಟ್ಟೆ ಒಣಹಾಕಿ, ಜ್ವರ ಬಂದಾಗ ಮಲಗಿ ಬದುಕಿದ ಮನೆ ಜನರ ಕಣ್ಣಿಗೆ ಬರೀ ಒಂದು ದುರಸ್ತಿ. ಓದಿ ಕಿವಿ ಬಿಸಿಯಾಯಿತು.

ಬಂದವರು ಇಲ್ಲಿ ತಮ್ಮ ಬದುಕನ್ನು ಕಲ್ಪಿಸಿಕೊಳ್ಳಬೇಕು, ಆದ್ದರಿಂದ ನಿಮ್ಮ ಸ್ವಂತದ ವಸ್ತುಗಳನ್ನು ಸ್ವಲ್ಪ ಸರಿಸಿಡಿ ಎಂದು ಅವನು ಹೇಳಿದ. ಅಷ್ಟೇ ಹೇಳಿದ್ದು. ದೇವರು ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಅದನ್ನು ಸೇರಿಸಿಕೊಂಡವಳು ನಾನು. ಬಾಗಿಲ ತೋರಣ ತೆಗೆದೆ. ರೊಟ್ಟಿ ಬಡಿಯುವ ಮರದ ಕೊಮ್ಮಿಗೆಯನ್ನು ಮಂಚದ ಕೆಳಗೆ ತಳ್ಳಿದೆ. ಇಂಗಿನ ಡಬ್ಬಿಯನ್ನು ಶೆಡ್ಡಿಗೆ ಸಾಗಿಸಿದೆ. ಆಮೇಲೆ ಹೊಸ್ತಿಲಿಗೆ ಕೂತೆ. ಪ್ರತಿ ಶುಕ್ರವಾರ ಅತ್ತೆ, ಅವರಿಗೆ ಆಗದಾದ ಮೇಲೆ ನಾನು, ಅದಕ್ಕೆ ಅರಿಶಿನ ಹಚ್ಚಿ ಕುಂಕುಮ ಇಡುತ್ತಿದ್ದೆವು. ಹಳೆಯ ಕಲ್ಲು, ಕುಡಿದುಬಿಟ್ಟಿತ್ತು. ಬ್ಲೀಚ್ ಸುರಿದು ಬ್ರಷ್ ಹಾಕಿ ಉಜ್ಜಿದೆ. ಕುಂಕುಮ ಹೋಯಿತು, ಅರಿಶಿನ ಪೂರ್ತಿ ಹೋಗಲಿಲ್ಲ. ಉಜ್ಜುತ್ತಿರುವಾಗ ನಾನು ಅಪರಾಧದ ಗುರುತು ಅಳಿಸುವವಳ ಹಾಗೆ ಬೀದಿಯ ಆಚೆ ಈಚೆ ನೋಡುತ್ತಿದ್ದೆ.

ಮನೆ ನೋಡಲು ಜನ ಬರುವ ಹೊತ್ತಿಗೆ ಅತ್ತೆಯನ್ನೂ ದೇವರನ್ನೂ ಕಾರಿನಲ್ಲಿ ಕೂಡಿಸುವುದೆಂದು ಯೋಚಿಸಿದವಳೂ ನಾನೇ. ಗಂಡ ಗಲ್ಲ ಕೆರೆದುಕೊಂಡರು, "ಆರ್ ಯೂ ಶ್ಯೂರ್?" ಎಂದರು, ನಾನು ಕಣ್ಣು ಬಿಟ್ಟೊಡನೆ ಶೆಡ್ಡಿಗೆ ಹೋದರು. ಅತ್ತೆ ಮಾತ್ರ ನನ್ನನ್ನು ಒಂದು ಕ್ಷಣ ನೋಡಿ ನಕ್ಕುಬಿಟ್ಟರು.

"ಆತು, ತಗೋ. ಅವರೂ ಭಾಳ ದಿವಸ ಆತು ಹೊರಗ ಬಿದ್ದಿಲ್ಲ. ಒಂದೀಟು ಗಾಳಿ ಹತ್ಲಿ."

ಬೆತ್ತದ ಬುಟ್ಟಿಯಲ್ಲಿ ಬೆಳ್ಳಿಯ ಲಕ್ಷ್ಮಿ, ಹಿತ್ತಾಳೆಯ ಬಾಲಕೃಷ್ಣ, ಯಲ್ಲಮ್ಮನ ಫೋಟೊ, ದೀಪದ ಸಮೆ, ಕುಂಕುಮದ ಭರಣಿ ಇಟ್ಟು ಮೇಲೆ ರೇಷ್ಮೆಯ ಖಣ ಮುಚ್ಚಿ ಅವರ ತೊಡೆಯ ಮೇಲೆ ಕೊಟ್ಟೆ. ಬೀದಿಯ ಇನ್ನೊಂದು ತುದಿಗೆ ಕಾರು ನಿಲ್ಲಿಸುತ್ತಿದ್ದೆವು. ಹೀಗೆ ಕೆಲವು ವಾರ ನಡೆಯಿತು. ಜನ ಬಂದರು, ಗೋಡೆ ಬಡಿದು ನೋಡಿದರು, ಹೋದರು. ಅತ್ತೆ ಕಾರಿನಲ್ಲಿ ಕಂಬಳಿ ಹೊದ್ದು ಕೂತು ದೇವರ ಜೊತೆ ಮಾತಾಡಿಕೊಂಡು ಬರುತ್ತಿದ್ದರು.

ಒಂದು ಶನಿವಾರ ನಾನೂ ಹೋಗಿ ಕಾರಿನಲ್ಲಿ ಕೂರಬೇಕಿತ್ತು. ಗಂಡ ಊರಿನಲ್ಲಿರಲಿಲ್ಲ. ಅತ್ತೆಯನ್ನು ಕೂಡಿಸಿ, ಒಲೆಯ ಮೇಲಿನ ಪಾತ್ರೆ ಮುಚ್ಚಲು ಮರೆತೆನೆಂದು ಓಡಿ ಬಂದೆ. ಅಷ್ಟರಲ್ಲಿ ಏಜೆಂಟ್ ಹುಡುಗ ಒಂದು ಜೋಡಿ ಗಂಡಹೆಂಡತಿಯನ್ನು ಕರೆದುಕೊಂಡು ಬಾಗಿಲಿಗೆ ಬಂದೇಬಿಟ್ಟ. ಇಬ್ಬರೂ ಚಿಕ್ಕವರು, ಐಟಿ ಕೆಲಸದವರ ಹಾಗೆ ಬೆನ್ನಿಗೆ ಚೀಲ. ನಮ್ಮ ದೇಶದವರೆಂದು ನೋಡಿದೊಡನೆ ತಿಳಿಯಿತು. ಏಜೆಂಟ್ ಬೂಟುಗಾಲಲ್ಲಿ ಹೊಸ್ತಿಲ ಮೇಲೆ ನಿಂತೇ ನನ್ನ ಕೈಕುಲುಕಿದ. ಆ ಹುಡುಗಿ ಕೆಳಗೆ ನೋಡಿದಳು, ಒಂದಿಷ್ಟು ತಡೆದಳು, ಕಾಲೆತ್ತಿ ಹೊಸ್ತಿಲನ್ನು ದಾಟಿ ಒಳಗಿಟ್ಟಳು. ಹೊಸ್ತಿಲು ತುಳಿಯಬಾರದೆಂದು ಬೈಸಿಕೊಂಡು ಬೆಳೆದವರು ಮಾತ್ರ ಹಾಗೆ ದಾಟುತ್ತಾರೆ. ಎಲ್ಲಿಯವಳೆಂದು ನನಗಿನ್ನೂ ಗೊತ್ತಿರಲಿಲ್ಲ. ಕೋಟು ಕಳಚುತ್ತ ಅವಳು ಗಂಡನಿಗೆ ಹೇಳಿದಳು:

"ಹ್ಯಾಂಗ ಅದ ನೋಡು ಬಾಗಿಲಾ, ಎಷ್ಟ ಛಂದ ಅದ!"

ಕಲಬುರಗಿ ಕಡೆಯ ಮಾತು. ಅವಳ ಗಂಡ ಮಾತಿನಲ್ಲಿ ಬೆಂಗಳೂರಿನವನು, "ಮೊದ್ಲು ಒಳಗಡೆ ನೋಡೋಣ ಇರು" ಎಂದ. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನೀವು ಮೂಲತಃ ಎಲ್ಲಿಯವರು, ಗುಜರಾತಿಗಳೇ ಎಂದು ಕೇಳಿದ.

ನಾನು ನಕ್ಕೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸುಮ್ಮನೆ ನಕ್ಕು, "ಮೇಲಿನಿಂದ ನೋಡಿಕೊಂಡು ಬನ್ನಿ" ಎಂದು ಇಂಗ್ಲಿಷಿನಲ್ಲಿ ಕೈತೋರಿದೆ. ಆ ನಗೆಯ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಮುಚ್ಚಿಟ್ಟ ಮನೆಯನ್ನು ಇವತ್ತು ಕನ್ನಡದವರೇ ಮೂಲೆಮೂಲೆ ಬಿಡದೆ ನೋಡುತ್ತಿದ್ದಾರೆ, ಯುಗಾದಿ ಊಟಕ್ಕೆ ಇದೇ ಸುದ್ದಿ. ಹೋಗುವ ಮಾನ ಯಾರೋ ಗುಜರಾತಿಯವರ ಹೆಸರಿನಲ್ಲಿ ಹೋಗಲಿ ಎಂದುಕೊಂಡೆ. ನಮ್ಮ ಎಡಗಡೆಯ ಮನೆಯವರು ಗುಜರಾತಿಗಳು. ಈಗ ಓದಲು ಬೇರೆ ಊರಿಗೆ ಹೋಗಿರುವ ನಮ್ಮ ಮಗ ಹುಟ್ಟಿದಾಗ ತಿಂಗಳುಗಟ್ಟಲೆ ಬಿಸಿ ಅಡುಗೆ ತಂದು ಕೊಟ್ಟವರು. ಅವರ ಮನೆಯ ಕಿಟಕಿ ಗಾಜು ಲಕಲಕ ಹೊಳೆಯುತ್ತದೆ.

ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಮೇಲಿನ ಹಲಗೆ ಕಿರುಗುಟ್ಟಿತು. "ಬೂಷ್ಟು ನೋಡೇ, ಗೋಡೆ ತುಂಬಾ" ಎಂದ ಅವನು. "ಇಷ್ಟ ಛಂದ ಮನಿ, ಹ್ಯಾಂಗ ಹಾಳ ಮಾಡಿ ಇಟ್ಟಾರ" ಎಂದಳು ಅವಳು. "ಮೆಲ್ಲಗೆ ಮಾತಾಡು." "ಅವರಿಗೇನ ತಿಳೀತದ ನಮ್ಮ ಮಾತು?" ಆಮೇಲೆ ಕೆಳಗಿಳಿದು ಮುಂದಿನ ಕೋಣೆಗೆ ಹೋದರು. ಬೈದಿದ್ದರೆ ನಾನು ಸಿಟ್ಟು ಮಾಡಿಕೊಂಡು ಬದುಕಿಕೊಳ್ಳುತ್ತಿದ್ದೆ. ಸಿಟ್ಟು ನನಗೆ ಸಲೀಸು. ಆದರೆ ಅವಳ ದನಿ ಇದ್ದಕ್ಕಿದ್ದಂತೆ ಇಳಿಯಿತು. ಚಾದರ ಹೊದಿಸಿದ್ದರೂ ಕಮೋಡ್ ಕುರ್ಚಿ ಕುರ್ಚಿಯ ಹಾಗೆ ಕಾಣಿಸುವುದಿಲ್ಲ.

"ಯಾರೋ ಮುದುಕರು ಇದ್ದಾರ ಇಲ್ಲಿ. ಪಾಪ, ಮ್ಯಾಲ ಹತ್ತಲಿಕ್ಕೆ ಆಗಂಗಿಲ್ಲ, ಎಲ್ಲಾ ಇಲ್ಲೇ..." ಎಂದಳು. ಆಮೇಲೆ ಗೂಡಿನ ಕಡೆಯಿಂದ, "ಇಲ್ಲಿ ನೋಡು, ದೇವರು ಇಟ್ಟಿದ್ರು. ದೀಪದ ಮಸಿ ಇನ್ನಾ ಹಾಂಗೇ ಅದ. ಎಲ್ಲಿ ಒಯ್ದಾರ?"

"ಪ್ಯಾಕ್ ಮಾಡಿರ್ತಾರೆ ಬಿಡು" ಎಂದ ಗಂಡ.

ನಾನು ನಲ್ಲಿ ತಿರುಗಿಸಿ ಖಾಲಿ ಸಿಂಕಿಗೆ ನೀರು ಬಿಟ್ಟುಕೊಂಡು ನಿಂತೆ. ಹೋಗುವಾಗ ಅವರು ಥ್ಯಾಂಕ್ ಯೂ ಎಂದರು, ನಾನೂ ಎಂದೆ. ಬಾಗಿಲು ಹಾಕಿ ಕಿಟಕಿಯ ಹತ್ತಿರ ಬಂದೆ. ಹೋದರು, ಮಾನ ಉಳಿಯಿತು ಎಂದು ಉಸಿರು ಬಿಟ್ಟೆ. ಅವರು ಬೀದಿಯುದ್ದಕ್ಕೂ ಜೋರಾಗಿ ಕನ್ನಡದಲ್ಲಿ ವಾದ ಮಾಡಿಕೊಂಡು ನಡೆದರು. ಬೀದಿಯ ತುದಿಯಲ್ಲಿ ನಮ್ಮ ಕಾರಿತ್ತು. ಕಾರಿನಲ್ಲಿ ಅತ್ತೆ ಇದ್ದರು. ಕನ್ನಡ ಕಿವಿಗೆ ಬಿದ್ದರೆ ಬಿಡುವ ಹೆಂಗಸೇ ಅವರು? ಕಾರಿನ ಬಾಗಿಲು ತೆರೆಯಿತು, ಇಳಕಲ್ ಸೀರೆಯ ಸೆರಗು ಹೊರಗೆ ಬಂತು. ಹುಡುಗಿ ಬಗ್ಗಿದಳು. ಏನೇನೋ ಮಾತಾಯಿತು. ಅತ್ತೆಯ ಕೈ ನಮ್ಮ ಮನೆಯ ಕಡೆ ತೋರಿತು. ಹುಡುಗಿ ನೆಟ್ಟಗೆ ನಿಂತು ಇತ್ತ ನೋಡಿದಳು. ನಾನು ಪರದೆಯ ಹಿಂದೆ ಸರಿದೆ.

ಮರಳಿ ಬರತೊಡಗಿದರು. ಅತ್ತೆ ಆ ಹುಡುಗನ ತೋಳು ಹಿಡಿದಿದ್ದರು. ಹುಡುಗಿಯ ಕೈಯಲ್ಲಿ ದೇವರ ಬುಟ್ಟಿ. ಏನಾಗುತ್ತಿದೆಯೆಂದು ತಿಳಿಯದ ಏಜೆಂಟ್ ಹಿಂದೆ ಹಿಂದೆ. ಅತ್ತೆಯ ನಡಿಗೆಗೆ ಬೀದಿಯುದ್ದ ನಡೆದು ಬರಲು ಬಹಳ ಹೊತ್ತು ಬೇಕು. ಹಿತ್ತಲ ಬಾಗಿಲಿನಿಂದ ಓಡಿಹೋಗುವಷ್ಟು ಸಮಯವಿತ್ತು, ಯೋಚಿಸಿದ್ದೂ ನಿಜ. ಹೋಗಿ ಮುಂಬಾಗಿಲು ತೆರೆದೆ.

"ಇಕಿ ನಮ್ಮ ಸೊಸಿ" ಎಂದರು ಅತ್ತೆ, ಇನ್ನೂ ಹೊಸ್ತಿಲ ಆಚೆ ನಿಂತೇ. "ಧಾರವಾಡದಾಕಿ. ಏನವಾ, ನಮ್ಮ ಮಂದಿ ಬಂದಾರ, ಒಂದ ಕಪ್ ಚಹಾನೂ ಕೊಟ್ಟಿಲ್ಲಂತಲ್ಲ?"

ಹುಡುಗಿಯ ಮುಖ ಕೆಂಪಾಯಿತು. ತಾನು ಆಡಿದ ಒಂದೊಂದು ಮಾತನ್ನೂ ಅವಳು ನೆನೆಯುತ್ತಿರುವುದು ನನಗೆ ಕಾಣುತ್ತಿತ್ತು. ತಪ್ಪು ನನ್ನದು, ನಾಚಿದವಳು ಅವಳು. ಆಗ ನಾನೊಂದು ಮಾತು ಆಡಬೇಕಿತ್ತು. ಬಾರವಾ, ಒಳಗ ಬಾ, ಅಂದರೆ ಸಾಕಿತ್ತು. ಅವಳು "ಐ ಆ್ಯಮ್ ಸೋ ಸಾರಿ" ಎಂದಳು. ನಾನು "ನಾಟ್ ಅಟ್ ಆಲ್" ಎಂದೆ. ಕನ್ನಡ ಬರುವ ಇಬ್ಬರು ಹೆಂಗಸರು, ನಡುವೆ ಒಬ್ಬ ಮುದುಕಿ ಕನ್ನಡದಲ್ಲೇ ಮಾತಾಡುತ್ತಿರುವಾಗ, ಇಂಗ್ಲಿಷಿನ ಹಿಂದೆ ಅಡಗಿ ನಿಂತೆವು.

ಅತ್ತೆಗೆ ಇದಾವುದೂ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದರೋ. ಕೋಲು ಊರಿಕೊಂಡು ಮನೆ ತೋರಿಸಿದರು. ಏಜೆಂಟ್ ಮುಚ್ಚಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿದರು. "ಈ ಗ್ವಾಡಿ ಥಂಡಿ ಬಂತಂದ್ರ ಅಳ್ತದ. ಅಲ್ಲಿ ಮ್ಯಾಲ ಸೋರ್ತದ, ಒಂದ ಬಕೀಟ ಇಡಬೇಕು. ಆದ್ರ ಮುಂಜಾನೆ ಈ ಬಣ್ಣದ ಗಾಜಿನ ಬಿಸಲ ನನ್ನ ಹಾಸಿಗಿ ಮ್ಯಾಲ ಬೀಳ್ತದ ನೋಡವಾ, ಅದನ್ನ ನೋಡಿದ್ರ ಏಳಬೇಕು ಅನಸ್ತದ." ಕಮೋಡ್ ಕುರ್ಚಿಯನ್ನೂ ಬಿಡಲಿಲ್ಲ. "ಇದು ನಂದು. ಇದರ ಸಲುವಾಗೇ ಮಾರೂದು" ಎಂದರು. ನಾನು ಚಾದರ ಹೊದಿಸಿ ಬಚ್ಚಿಟ್ಟದ್ದನ್ನು ಅವರು ಪರಿಚಯ ಮಾಡಿಸಿಕೊಟ್ಟ ಹಾಗೆ ಹೇಳಿದರು. ಅವರಿಗೆ ದೇವರೆದುರು ಇದ್ದ ನಾಚಿಕೆ ಮನುಷ್ಯರೆದುರು ಇರಲಿಲ್ಲ. ನನ್ನದು ಉಲ್ಟಾ.

ಹೊರಡುವಾಗ ಅತ್ತೆ ತಡೆದರು. "ಮುತ್ತೈದಿ ಮನಿಗೆ ಬಂದು ಹಂಗ ಹೋಗಬಾರದು. ಕುಂಕುಮ ಕೊಡವಾ." ತಾವು ವಿಧವೆಯೆಂದು ಅವರು ಕೊಡುವುದಿಲ್ಲ. ನಾನೇ ಕೊಡಬೇಕು. ಭರಣಿ ಬುಟ್ಟಿಯಲ್ಲಿತ್ತು, ಬುಟ್ಟಿ ಅವಳ ಕೈಯಲ್ಲೇ ಇತ್ತು. ಅವಳೇ ಖಣ ಸರಿಸಿ, ಭರಣಿ ತೆಗೆದು ನನಗೆ ಚಾಚಿದಳು. ನಮ್ಮ ಮನೆಯ ಕುಂಕುಮವನ್ನು ಬಂದವಳ ಕೈಯಿಂದ ಇಸಿದುಕೊಂಡು ಅವಳ ಹಣೆಗೇ ಹಚ್ಚಿದೆ. ಆ ಬೆಳಿಗ್ಗೆ ಹೊಸ್ತಿಲನ್ನು ಮತ್ತೊಮ್ಮೆ ಉಜ್ಜಿದ್ದರಿಂದ ನನ್ನ ಬೆರಳಿನಲ್ಲಿ ಇನ್ನೂ ಬ್ಲೀಚಿನ ವಾಸನೆ ಇತ್ತು. ಅವಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಆಮೇಲೆ ಬಗ್ಗಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಳು, ನನಗೂ ಮಾಡಲು ಬಗ್ಗಿದಳು. ನಾನು ಹಿಂದೆ ಸರಿದೆ.

ಅವರು ಮನೆ ಕೊಳ್ಳಲಿಲ್ಲ. ಕೆಲಸ ಬಹಳ ಇದೆಯೆಂದು ಏಜೆಂಟನಿಗೆ ಹೇಳಿದರಂತೆ. ಅದು ನಿಜವೂ ಹೌದು. ಅತ್ತೆ ಆ ದಿನವೇ ದೇವರನ್ನು ಗೂಡಿನಲ್ಲಿ ಇಡಿಸಿ, "ಇನ್ನ ನಾ ಕಾರಿನ್ಯಾಗ ಕೂಡಂಗಿಲ್ಲ. ಅವರೂ ಕೂಡಂಗಿಲ್ಲ" ಎಂದರು. ಮುಂದೆ ಬಂದವರೆಲ್ಲ ಅತ್ತೆಯನ್ನೂ ದೇವರನ್ನೂ ನೋಡಿಕೊಂಡೇ ಹೋದರು. ಕೊಂಡವನು ಒಬ್ಬ ಇಂಗ್ಲಿಷ್ ಬಿಲ್ಡರ್. ಗೂಡಿನ ಮುಂದೆ ನಿಂತು ಬಹಳ ಹೊತ್ತು ನೋಡಿದ. ಅವನು ಕೇಳಿದ್ದು ಒಂದೇ, ಅಗ್ಗಿಷ್ಟಿಕೆಯ ಚಿಮಣಿ ಮುಚ್ಚಿದೆಯೋ ತೆರೆದಿದೆಯೋ ಎಂದು. ಯಾರ ಕಣ್ಣಿಗೂ ಅಡ್ಡ ಬರದ ದೇವರನ್ನು ನಾನು ಅಷ್ಟು ವಾರ ಬೀದಿಯಲ್ಲಿ ಕೂಡಿಸಿದ್ದೆ.

ಕೆಂಟನ್ನಿನ ಫ್ಲ್ಯಾಟು ಕೈತಪ್ಪಲಿಲ್ಲ. ಅತ್ತೆ ಈಗ ಗೋಡೆಗೆ ಹಾಕಿಸಿದ ಹಿಡಿಕೆ ಹಿಡಿದು ತಾವೇ ಬಚ್ಚಲಿಗೆ ಹೋಗುತ್ತಾರೆ. ದೇವರ ಮುಂದೆ ಪರದೆ ಇಲ್ಲ. ಆ ವರ್ಷದ ಯುಗಾದಿ ಊಟಕ್ಕೆ ನಾನು ಗಟ್ಟಿ ಮನಸ್ಸು ಮಾಡಿ ಹೋದೆ. ಯಾರಾದರೂ ಬೂಷ್ಟಿನ ಮಾತೆತ್ತುತ್ತಾರೆ, ಗುಜರಾತಿ ಕಥೆ ಹೇಳಿ ನಗುತ್ತಾರೆ ಎಂದು ಕಾಯುತ್ತ ಬೇವುಬೆಲ್ಲ ತಿಂದೆ. ಯಾರೂ ಏನೂ ಹೇಳಲಿಲ್ಲ. ಹೊಸ ಮನೆ ಹೇಗಿದೆ ಎಂದು ಅಕ್ಕರೆಯಿಂದ ಕೇಳಿದರು. ಅವಳು ಒಬ್ಬರಿಗೂ ಹೇಳಿರಲಿಲ್ಲ. ಹೇಳಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ.

ಆಮೇಲೆ ಒಂದು ಭಾನುವಾರ ಹೊಸ ಮನೆಗೆ ಹತ್ತಿರದ ಕ್ವೀನ್ಸ್‌ಬರಿಯ ಅಂಗಡಿಯಲ್ಲಿ ಮೆಂತ್ಯದ ಸೊಪ್ಪು ಆರಿಸುತ್ತಿದ್ದೆ. ಪಕ್ಕದಲ್ಲಿ ಅವಳೇ. ಫೋನಿನಲ್ಲಿ ಯಾರಿಗೋ, ಹುಳಿಸೊಪ್ಪು ಪುಂಡಿಪಲ್ಲೆ ಇಲ್ಲೂ ಸಿಕ್ಕಿಲ್ಲ ಎಂದು ಕಲಬುರಗಿಯ ಕನ್ನಡದಲ್ಲಿ ದೂರುತ್ತಿದ್ದಳು. ಇಂಥ ಒಂದು ದಿನಕ್ಕಾಗಿ ನಾನು ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಸಿಕ್ಕರೆ, ತಪ್ಪಾತವಾ, ಅವತ್ತ ನನಗ ನಾಚಿಕಿ ಆಗಿತ್ತು, ಮನಿಗೆ ಬಾ ಎನ್ನಬೇಕು. ಪಾತ್ರೆ ತೊಳೆಯುವಾಗ ಎಷ್ಟೋ ಸಲ ಅಂದುಕೊಂಡು ನೋಡಿದ ಮಾತು. ಅವಳು ನನ್ನನ್ನು ಕಂಡಳು. ಫೋನು ಇಟ್ಟಳು. ಮುಖದ ತುಂಬ ನಕ್ಕು, ತೂಕ ಮಾಡಿದ ಹಾಗೆ ನಿಧಾನವಾದ ಇಂಗ್ಲಿಷಿನಲ್ಲಿ, ನಿಮ್ಮ ಅತ್ತೆ ಹೇಗಿದ್ದಾರೆ, ಹೊಸ ಮನೆ ಅವರಿಗೆ ಹಿಡಿಸಿತೇ ಎಂದು ಕೇಳಿದಳು. ಕುಹಕವಿರಲಿಲ್ಲ. ನನ್ನನ್ನು ಮುಜುಗರದಿಂದ ಕಾಪಾಡಲು, ನಾನು ಆರಿಸಿಕೊಂಡ ಭಾಷೆಯಲ್ಲೇ ಮಾತಾಡಿಸಿದಳು.

"ಶಿ ಈಸ್ ಫೈನ್, ಥ್ಯಾಂಕ್ ಯೂ" ಎಂದೆ.

ಮನೆಗೆ ಬಂದಾಗ ಅತ್ತೆ ಸ್ಟೂಲಿನ ಮೇಲೆ ಕೂತು ಸೊಪ್ಪು ಸೋಸಲು ತಟ್ಟೆ ಹಿಡಿದುಕೊಂಡಿದ್ದರು. ಅಂಗಡಿಯಲ್ಲಿ ಯಾರು ಸಿಕ್ಕಿದ್ದರು ಎಂದು ಯಾವಾಗಲೂ ಕೇಳುವ ಹಾಗೆ ಕೇಳಿದರು. ಹೇಳಿದೆ.

"ಆ ಕಲಬುರ್ಗಿ ಹುಡುಗಿ! ನನ್ನ ದೇವರನ್ನ ಹೊತಗೊಂಡ ಬಂದಾಕಿ. ಏನಂದ್ಲು?"

"ನೀವು ಹೆಂಗದೀರಿ ಅಂತ ಕೇಳಿದ್ಲುರಿ."

ಅತ್ತೆ ಒಂದು ಕಟ್ಟು ಬಿಚ್ಚಿದರು. ನನ್ನ ಮುಖ ನೋಡದೆ ಎಲೆ ಬಿಡಿಸುತ್ತ, "ಕನ್ನಡದಾಗ ಕೇಳಿದ್ಲೇನ?" ಎಂದರು.

"ಹೂಂರಿ" ಎಂದೆ.

"ಛಲೋ ಆತು" ಎಂದು ಅವರು ಬೇರು ಕತ್ತರಿಸಲು ಚಾಕು ಕೇಳಿದರು.